ಕಲ್ಲು ಬಿದ್ದರೆ ಬಿಸಾಡಬೇಡಿ, ಹಿಡಿದಿಡಿ

ನಮ್ಮ ಭಾವನಿಗೆ ಎಂಟು ವರ್ಷದಲ್ಲಿ ಮೂರು ಸಲ ಕಿಡ್ನಿ ಕಲ್ಲು ಬಂತು. ಮೂರು ಸಲವೂ ತಾನಾಗಿಯೇ ಬಿತ್ತು. ಭಾವ ಪ್ರತಿ ಸಲವೂ ಒಂದು ಬಕೆಟ್ ನೀರು ಹುಯ್ದು, ಪೀಡೆ ತೊಲಗಿತು ಎಂದು ಹೊರಗೆ ಬಂದರು. ಅದು ಯಾವ ಜಾತಿಯ ಕಲ್ಲು ಎಂದು ಇವತ್ತಿಗೂ ಗೊತ್ತಿಲ್ಲ. ಹಾಗಾಗಿ ಮನೆಯಲ್ಲಿ ಟೊಮೆಟೊ ಬಂದ್, ಹಾಲು ಬಂದ್. ಪಂದಿ ಕರಿ ಮಾತ್ರ ಬಂದ್ ಆಗಲಿಲ್ಲ.

ಮೊದಲು ನೋವು. ಪಕ್ಕೆಯ ಹಿಂದೆ ಶುರುವಾಗಿ ತೊಡೆಸಂದಿಯವರೆಗೆ ಇಳಿಯುತ್ತದೆ. ಕೂತರೂ ಮಲಗಿದರೂ ಸಮಾಧಾನವಿಲ್ಲ. ಡಾಕ್ಟರ ಹತ್ತಿರ ಹೋಗಿ ಸ್ಕ್ಯಾನ್ ಮಾಡಿಸಿ. ಜೊತೆಗೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ಅಥವಾ ಇರುವುದೇ ಒಂದು ಕಿಡ್ನಿಯಾದರೆ, ಮಳೆ ಎಷ್ಟೇ ಹುಯ್ಯುತ್ತಿರಲಿ, ರಾತ್ರಿಯೇ ಜೀಪು ಹತ್ತಿ. ಮೂತ್ರ ಕೆಂಪಾದರೂ ತೋರಿಸಬೇಕು. ಆಗಸ್ಟ್ 3ರಂದು, ನಮ್ಮ ಕೊಡಗಿನ ಕಕ್ಕಡ ತಿಂಗಳ 18ಕ್ಕೆ, ಮದ್ದುಸೊಪ್ಪಿನ ಪಾಯಸ ತಿಂದವರು ಮಾತ್ರ ಒಂದು ದಿನ ಕಾದು ನೋಡಿ. ಅದು ಸೊಪ್ಪಿನ ಬಣ್ಣ ಇರಬಹುದು.

ಸ್ಕ್ಯಾನ್‌ನಲ್ಲಿ ಅಳತೆ ನೋಡಿ. 5 ಮಿಲಿಮೀಟರ್‌ಗಿಂತ ಚಿಕ್ಕದು ಸಾಮಾನ್ಯವಾಗಿ ತಾನೇ ಬೀಳುತ್ತದೆ. 10 ದಾಟಿದ್ದು ಬೀಳುವುದು ಅಪರೂಪ, ಲೇಸರ್ ಇಲ್ಲವೇ ಬೇರೆ ದಾರಿ ಬೇಕು. ನಡುವಿನದನ್ನು ಡಾಕ್ಟರೇ ಹೇಳಬೇಕು.

ಈಗ ಎಲ್ಲರೂ ಎಡವುವ ಜಾಗ, ಕಲ್ಲು ಹಿಡಿಯುವುದು. ಕಕ್ಕಸಿನಲ್ಲಿ ಸುಮ್ನೆ ಕೂತು ಕಣ್ಣಿಟ್ಟರೆ ಸಿಗುವುದಿಲ್ಲ. ಅಗಲ ಬಾಯಿಯ ಹಳೇ ಮಗ್ಗು ಇಟ್ಟುಕೊಳ್ಳಿ. ಪ್ರತಿ ಸಲವೂ ಅದರಲ್ಲೇ ಮಾಡಿ, ಸಣ್ಣ ಕಣ್ಣಿನ ಟೀ ಜಾಲರಿಯಲ್ಲಿ ಸೋಸಿ. ಅಗ್ಗದ ಪ್ಲಾಸ್ಟಿಕ್ ಜಾಲರಿ ಬೇಡ, ಅದರ ಕಣ್ಣು ದೊಡ್ಡದು. ಜಾಲರಿಗೆ ಕೆಂಪು ದಾರ ಕಟ್ಟಿ ಬಚ್ಚಲಲ್ಲೇ ನೇತುಹಾಕಿ, ಅಡುಗೆಮನೆಗೆ ವಾಪಸ್ ಹೋದೀತು! ರಾತ್ರಿ ಎದ್ದಾಗಲೂ ಸೋಸಬೇಕು. ನಿದ್ದೆಗಣ್ಣಲ್ಲಿ ಬಿಟ್ಟ ಆ ಒಂದು ಸಲವೇ ಕಲ್ಲು ಹೋಗಿರುತ್ತದೆ. ಕೆಲಸಕ್ಕೆ ಹೋಗುವವರು ಮಗ್ಗು, ಜಾಲರಿ ಎರಡನ್ನೂ ಚೀಲದಲ್ಲಿ ಒಯ್ಯಿರಿ. ನಾಚಿಕೆ ಎರಡು ದಿನ, ಅಷ್ಟೇ.

ಸಾಸಿವೆಯಷ್ಟು ಕಪ್ಪು ಚೂರು ಸಿಕ್ಕಿದರೂ ತೊಳೆದು, ಒಣಗಿಸಿ, ಒಣ ಡಬ್ಬಿಗೆ ಹಾಕಿ. ಒದ್ದೆ ಹತ್ತಿ ಬೇಡ, ಅಂಟುಪಟ್ಟಿ ಬೇಡ. ಲ್ಯಾಬ್‌ಗೆ ಕೊಟ್ಟು ಯಾವ ಕಲ್ಲು ಎಂದು ಬರೆಸಿಕೊಳ್ಳಿ. ನೋವು ನಿಂತಿತು ಎಂದು ಸೋಸುವುದನ್ನು ನಿಲ್ಲಿಸಬೇಡಿ. ಕಲ್ಲು ನಾಳದಲ್ಲೇ ತೆಪ್ಪಗೆ ಕೂತಿರಬಹುದು, ಕಿಡ್ನಿ ಒಳಗೊಳಗೇ ಹಾಳಾಗುತ್ತದೆ. ಡಾಕ್ಟರು ಹೇಳಿದ ದಿನ ಮತ್ತೆ ಸ್ಕ್ಯಾನ್ ಮಾಡಿಸಿ.

ನೋವಿನ ನಡುವೆ ಕೊಡಗಟ್ಟಲೆ ನೀರು ಕುಡಿಸುವುದರಿಂದ ಲಾಭವಿಲ್ಲ, ವಾಂತಿ ಜಾಸ್ತಿಯಾಗುತ್ತದೆ. ಬಿಯರ್ ಔಷಧಿಯಲ್ಲ. ಹೆಚ್ಚಿನವರಿಗೆ ಬರುವುದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು, ಅದು ಸಂತೆಯ ಯಾವ 'ಕಲ್ಲು ಕರಗಿಸುವ ಪುಡಿ'ಗೂ ಕರಗುವುದಿಲ್ಲ. ಯೂರಿಕ್ ಆಸಿಡ್ ಕಲ್ಲಾದರೆ ಡಾಕ್ಟರು ಕೊಡುವ ಔಷಧಿಗೆ ಕರಗಬಹುದು. ಜಾತಿ ಗೊತ್ತಿರಬೇಕು ಅಂದದ್ದು ಇದಕ್ಕೇ. ಬಾಳೆದಿಂಡಿನ ಪಲ್ಯ ನನಗೂ ಇಷ್ಟ, ತಿನ್ನಿ. ಆದರೆ 12 ಮಿಲಿಮೀಟರ್ ಕಲ್ಲು ಇಟ್ಟುಕೊಂಡು ದಿಂಡಿನ ರಸ ನಂಬಿ ಕೂರಬೇಡಿ.

ಆಪರೇಷನ್ ಆದವರಿಗೆ ಒಂದು ಮಾತು. ಒಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಟ್ಟಿದ್ದರೆ, ತೆಗೆಸುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಮರೆತು ತಿಂಗಳುಗಟ್ಟಲೆ ಬಿಟ್ಟರೆ ಆ ಕೊಳವೆಯ ಮೇಲೇ ಕಲ್ಲು ಕಟ್ಟುತ್ತದೆ.

ಇನ್ನು ಮತ್ತೆ ಬಾರದಂತೆ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗಬೇಕು. ಕುಡಿದದ್ದಲ್ಲ, ಹೋದದ್ದು. ಒಂದು ಭಾನುವಾರ ಹಳೇ ಕ್ಯಾನಿನಲ್ಲಿ ಅಳೆದು ನೋಡಿ, ಗಾಬರಿಯಾಗುತ್ತೀರಿ. ನಮ್ಮಲ್ಲಿ ಮಳೆಗಾಲದಲ್ಲಿ ಬಾಯಾರಿಕೆಯೇ ಆಗುವುದಿಲ್ಲ, ಅಲ್ವಾ? ಫ್ಲಾಸ್ಕಿನಲ್ಲಿ ಬಿಸಿ ಜೀರಿಗೆ ನೀರು ಇಡಿ. ನಿಂಬೆ ಹಿಂಡಿ, ಸಕ್ಕರೆ ಉಪ್ಪು ಬೇಡ. ಕಾಫಿ ಬಿಡಬೇಕಿಲ್ಲ. ಉಪ್ಪಿನಕಾಯಿ, ಒಣಮೀನು ಕಡಿಮೆ ಮಾಡಿ. ಉಪ್ಪು ಹೆಚ್ಚಾದಷ್ಟೂ ಮೂತ್ರಕ್ಕೆ ಕ್ಯಾಲ್ಸಿಯಂ ಹೆಚ್ಚು ಇಳಿಯುತ್ತದೆ. ಮಾಂಸ ವಾರಕ್ಕೊಂದು ದಿನ ಸಾಕು. ಹಾಲು ಮೊಸರು ನಿಲ್ಲಿಸುವುದು ತಪ್ಪು. ಕೆಸುವಿನ ಸೊಪ್ಪಿನಲ್ಲಿ ಆಕ್ಸಲೇಟ್ ಜಾಸ್ತಿ. ಅದನ್ನು ತಿಂದ ದಿನ ಊಟದ ಜೊತೆಗೇ ಮೊಸರಿರಲಿ, ಮೊಸರಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದುಹಾಕುತ್ತದೆ. ಟೊಮೆಟೊದಲ್ಲಿ ಆಕ್ಸಲೇಟ್ ಕಡಿಮೆಯೇ. ಬೀಜ ಕಲ್ಲಾಗುವುದಿಲ್ಲ, ಭಾವನಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.