ಸ್ಟಾಪ್‌ವಾಚ್ ಹಿಡಿಯುವ ಮೊದಲು ರಾಶಿ ನೋಡಿ
ಚಿಕ್ಕ ಮಷಿನ್‌ಶಾಪ್‌ನಲ್ಲಿ ಕೆಲಸದ ಕ್ರಮ, ಕೆಲಸದ ವೇಳೆ ಅಳೆಯುವುದು ಹೇಗೆ?

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಮಷಿನ್‌ಶಾಪ್‌ಗಳಲ್ಲಿ ಒಂದು ಮಾತು ಪದೇಪದೇ ಕೇಳಿಬರುತ್ತದೆ: ‘ಮಷಿನ್ ಸಾಲಂಗಿಲ್ಲ, ಇನ್ನೊಂದು ತಗೋಬೇಕು.’ ಸಾಲ ಮಾಡಿ ಹೊಸ ಯಂತ್ರ ತರುವ ಮೊದಲು ಇರುವ ಯಂತ್ರದ ಮುಂದೆ ಎರಡು ದಿನ ನಿಂತು ನೋಡಬೇಕು. ಎಷ್ಟೋ ಕಡೆ ಕೊರತೆ ಇರುವುದು ಬಗ್ಗುವುದರಲ್ಲಿ, ನಡೆಯುವುದರಲ್ಲಿ, ಸ್ಪ್ಯಾನರ್ ಹುಡುಕುವುದರಲ್ಲಿ, ಮಾಲು ಬರಲೆಂದು ಕಾಯುವುದರಲ್ಲಿ. ಕಾರ್ಮಿಕ ಎಷ್ಟು ಚುರುಕಾಗಿದ್ದರೂ ಇದು ತುಂಬುವುದಿಲ್ಲ. ಆದ್ದರಿಂದ ಮೊದಲು ಕೆಲಸದ ಕ್ರಮ ತಿದ್ದಬೇಕು, ವೇಳೆ ಅಳೆಯುವುದು ಆಮೇಲೆ. ಕ್ರಮ ತಿದ್ದದೆ ವೇಳೆ ಅಳೆದರೆ ತಪ್ಪು ಕ್ರಮಕ್ಕೇ ಮುದ್ರೆ ಒತ್ತಿದಂತಾಗುತ್ತದೆ.

ಲೆಕ್ಕ ತಿಳಿಯಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಫೌಂಡ್ರಿಯಿಂದ ಬಂದ ಸುಮಾರು 5 ಕೆ.ಜಿ. ತೂಕದ ಎರಕದ ಕಬ್ಬಿಣದ ಬೇರಿಂಗ್ ಹೌಸಿಂಗ್ (ಬೇರಿಂಗ್ ಕೂರುವ ಕವಚ). ನಡುವೆ 52 ಮಿ.ಮೀ. ಬೋರ್ (ದೊಡ್ಡ ರಂಧ್ರ) ಆಗಲೇ ಆಗಿದೆ. 20 ಮಿ.ಮೀ. ದಪ್ಪದ ಫ್ಲ್ಯಾಂಜ್‌ನಲ್ಲಿ (ಹೊರಚಾಚಿದ ಚಪ್ಪಟೆ ಅಂಚಿನಲ್ಲಿ) 10.5 ಮಿ.ಮೀ.ನ ನಾಲ್ಕು ತೂತು ಹಾಕಬೇಕು. ಯಂತ್ರ, ಆಟೋ ಫೀಡ್ (ಡ್ರಿಲ್ ತಾನೇ ಕೆಳಗಿಳಿಯುವ ವ್ಯವಸ್ಥೆ) ಇರುವ ಪಿಲ್ಲರ್ ಡ್ರಿಲ್. 8 ಗಂಟೆಯ ಪಾಳಿಯಲ್ಲಿ 170 ನಗ ಬರುತ್ತಿವೆ ಎಂದುಕೊಳ್ಳಿ.

ಯಾವ ಕೆಲಸ ಆರಿಸಬೇಕು?

ಶಾಪಿನಲ್ಲಿ ಒಂದು ಸುತ್ತು ಹಾಕಿ, ಯಾವ ಯಂತ್ರದ ಮುಂದೆ ಮಾಲಿನ ರಾಶಿ ದೊಡ್ಡದಿದೆ ನೋಡಿ. ಅಲ್ಲಿಂದಲೇ ಶುರು ಮಾಡಿ. ಡ್ರಿಲ್ ಮುಂದೆ ರಾಶಿ ಬಿದ್ದಿರುವಾಗ ಲೇತ್‌ನ ವೇಗ ಹೆಚ್ಚಿಸಿದರೆ ರಾಶಿ ಬೆಳೆಯುತ್ತದೆಯೇ ಹೊರತು ರವಾನೆಯಾಗುವ ನಗ ಹೆಚ್ಚುವುದಿಲ್ಲ. ಒಂದು ದಿನದ ರಾಶಿ ನಂಬಬೇಡಿ. ಆ ದಿನ ಒಬ್ಬರು ರಜೆ ಇರಬಹುದು. ವಾರಪೂರ್ತಿ ಅದೇ ಜಾಗದಲ್ಲಿ ರಾಶಿ ಇದ್ದರೆ ಅದೇ ನಿಮ್ಮ ಇಕ್ಕಟ್ಟಿನ ಜಾಗ.

ಯಂತ್ರ ಎಷ್ಟು ಹೊತ್ತು ಸುಮ್ಮನೆ ನಿಂತಿರುತ್ತದೆ, ಏಕೆ ನಿಂತಿರುತ್ತದೆ ಎನ್ನುವುದಕ್ಕೆ ಸ್ಟಾಪ್‌ವಾಚ್ ಬೇಕಿಲ್ಲ. 1930ರ ದಶಕದಲ್ಲಿ ಬ್ರಿಟನ್ನಿನ ಹತ್ತಿ ಗಿರಣಿಗಳ ಅಧ್ಯಯನದಲ್ಲಿ ಎಲ್.ಎಚ್.ಸಿ. ಟಿಪೆಟ್ ಬಳಕೆಗೆ ತಂದ ದಾರಿ ಸುಲಭವಾಗಿದೆ. ಹೊತ್ತಲ್ಲದ ಹೊತ್ತಿನಲ್ಲಿ ಸುತ್ತು ಹಾಕಿ, ಆ ಕ್ಷಣಕ್ಕೆ ಕಂಡದ್ದನ್ನು ಮಾತ್ರ ಗುರುತು ಮಾಡಿ: ನಡೆಯುತ್ತಿದೆ, ಮಾಲಿಲ್ಲ, ಡ್ರಿಲ್ ಸಾಣೆಗೆ ಹೋಗಿದೆ, ಕರೆಂಟ್ ಇಲ್ಲ, ಆಪರೇಟರ್ ಇಲ್ಲ. ನಿಂತಿರುವ ಪ್ರಮಾಣ ಸುಮಾರು 30 ಶೇಕಡಾ ಎಂಬ ಅಂದಾಜಿದ್ದು, ಉತ್ತರ 5 ಅಂಶ ಆಚೀಚೆ ಆದರೂ ನಡೆಯುತ್ತದೆ ಎಂದರೆ, 95 ಶೇಕಡಾ ಭರವಸೆಗೆ ಬೇಕಾದ ಗುರುತು 336 (4 × 0.30 × 0.70 ÷ 0.0025). ಏಳು ಯಂತ್ರ, ದಿನಕ್ಕೆ ಎಂಟು ಸುತ್ತು, ಆರು ದಿನ. ಅಷ್ಟಕ್ಕೇ 336 ಆಯಿತು. ಆದರೆ ದಿನಾ 10 ಗಂಟೆಗೆ, 11 ಗಂಟೆಗೆ ಎಂದು ಸುತ್ತಿನ ಹೊತ್ತು ಗೊತ್ತುಮಾಡಿಕೊಂಡರೆ ಲೆಕ್ಕ ಕೆಡುತ್ತದೆ. ನೀವು ಬರುವ ಹೊತ್ತಿಗೆ ಎಲ್ಲ ಯಂತ್ರವೂ ಓಡುತ್ತಿರುತ್ತವೆ. ಎಂಟು ಹೊತ್ತುಗಳನ್ನು ಚೀಟಿ ಎತ್ತಿ ಆರಿಸಿಕೊಳ್ಳಿ.

ಕಂಡದ್ದನ್ನು ಕಂಡ ಹಾಗೆ ಬರೆಯಿರಿ

ಆರಿಸಿದ ಯಂತ್ರದ ಹತ್ತಿರ ನಿಂತು ಒಂದು ನಗ ಒಳಬಂದು ಹೊರಹೋಗುವ ತನಕ ನಡೆಯುವುದನ್ನೆಲ್ಲ ಸಾಲಾಗಿ ಬರೆಯಿರಿ. ಪ್ರತಿ ಸಾಲಿಗೂ ಐದರಲ್ಲಿ ಒಂದು ಗುರುತು: ಕೆಲಸ, ತಪಾಸಣೆ, ಸಾಗಾಟ, ಕಾಯುವಿಕೆ, ದಾಸ್ತಾನು. ಹೌಸಿಂಗ್‌ನ ರೂಪ ಬದಲಾಗುವುದು ‘ಕೆಲಸ’ ಎಂಬ ಗುರುತಿನ ಮುಂದೆ ಮಾತ್ರ. ಉಳಿದ ನಾಲ್ಕನ್ನೂ ಕಡಿಮೆ ಮಾಡಬಹುದೇ ಎಂದು ಒಂದೊಂದಾಗಿ ಕೇಳಿ. ನಡಿಗೆ ಹೆಚ್ಚಿದ್ದಂತೆ ಕಂಡರೆ ಶಾಪಿನ ನಕ್ಷೆಯನ್ನು ಅಳತೆಗೆ ತಕ್ಕಂತೆ ರಟ್ಟಿನ ಮೇಲೆ ಬರೆದು, ಆಪರೇಟರ್ ನಿಲ್ಲುವ ಜಾಗಗಳಿಗೆಲ್ಲ ಗುಂಡುಸೂಜಿ ಚುಚ್ಚಿ, ಅವರು ಓಡಾಡಿದ ಹಾಗೆ ದಾರ ಸುತ್ತುತ್ತಾ ಹೋಗಿ. ಪಾಳಿ ಮುಗಿದ ಮೇಲೆ ದಾರ ಬಿಚ್ಚಿ ಅಳೆದರೆ ನಡೆದ ದೂರ ಸಿಗುತ್ತದೆ. ಸಾಣೆಕಲ್ಲಿನ ಕಡೆಗೆ ದಾರ ದಪ್ಪಗಟ್ಟಿದ್ದರೆ ಬೇರೆ ಪುರಾವೆ ಬೇಡ.

ನಮ್ಮ ಉದಾಹರಣೆಯಲ್ಲಿ ಒಂದು ನಗಕ್ಕೆ ತಗಲುವ ಹೊತ್ತು ನಿಮಿಷದ ದಶಮಾಂಶದಲ್ಲಿ ಹೀಗಿದೆ (0.01 ನಿಮಿಷ ಎಂದರೆ 0.6 ಸೆಕೆಂಡ್):

ನೆಲದಿಂದ ಎತ್ತಿ ಜಿಗ್‌ನಲ್ಲಿ (ನಗವನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಸಾಧನ) ಇಡುವುದು 0.22
ಎರಡು ನಟ್ ಸ್ಪ್ಯಾನರ್‌ನಿಂದ ಬಿಗಿಯುವುದು 0.30
ನಾಲ್ಕು ತೂತು 0.92 (ಕೊರೆಯುವುದು 0.72, ತೂತಿನಿಂದ ತೂತಿಗೆ ಸರಿಸುವುದು 0.20)
ನಟ್ ಸಡಿಲಿಸುವುದು 0.20
ಹೊರತೆಗೆದು ಬ್ರಷ್‌ನಿಂದ ಚಿಪ್ಸ್ ಒರೆಸಿ ನೆಲಕ್ಕಿಡುವುದು 0.18
ಐದಕ್ಕೊಂದು ನಗ ಪ್ಲಗ್ ಗೇಜ್‌ನಿಂದ (ತೂತಿನ ಅಳತೆ ನೋಡುವ ಕಡ್ಡಿ) ನೋಡುವುದು, ಒಂದಕ್ಕೆ ಹಂಚಿದರೆ 0.05
ಒಟ್ಟು 1.87

ಇಲ್ಲೇ ಒಂದು ತಾಳೆ ನೋಡಿ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಡ್ರಿಲ್‌ಗೆ ಎರಕದ ಕಬ್ಬಿಣದಲ್ಲಿ ನಿಮಿಷಕ್ಕೆ 22 ಮೀಟರ್ ವೇಗ ಹಿಡಿದರೆ 10.5 ಮಿ.ಮೀ. ಡ್ರಿಲ್ ನಿಮಿಷಕ್ಕೆ ಸುಮಾರು 667 ಸುತ್ತು ತಿರುಗಬೇಕು. ಒಂದು ಸುತ್ತಿಗೆ ಡ್ರಿಲ್ ಒಳಗಿಳಿಯುವುದು, ಅಂದರೆ ಫೀಡ್, 0.2 ಮಿ.ಮೀ. ದಪ್ಪ 20, ಡ್ರಿಲ್ ತುದಿ ಹೊಕ್ಕು ಹೊರಬರಲು 4, ಒಟ್ಟು 24 ಮಿ.ಮೀ. ಹೀಗಾಗಿ ಒಂದು ತೂತಿಗೆ 0.18 ನಿಮಿಷ. ನೀವು ನೋಡಿದ್ದು 0.43 ಬಂದರೆ ಆಪರೇಟರ್ ಮೇಲೆ ರೇಗಬೇಡಿ, ಬೆಲ್ಟ್ ನೋಡಿ. ನಿನ್ನೆ 25 ಮಿ.ಮೀ. ಡ್ರಿಲ್‌ಗೆಂದು 280 ಸುತ್ತಿಗೆ ಇಳಿಸಿದ ಬೆಲ್ಟ್ ಅಲ್ಲೇ ಉಳಿದಿರುತ್ತದೆ. ಅದೊಂದರಿಂದಲೇ ನಗಕ್ಕೆ ಒಂದು ನಿಮಿಷ ಹೋಗುತ್ತದೆ.

ಪ್ರಶ್ನೆ ಕೇಳಿ, ಜಿಗ್ ತಿದ್ದಿ

ಪ್ರತಿ ಸಾಲಿಗೂ ಇದು ಏಕೆ ಬೇಕು, ಇಲ್ಲೇ ಏಕೆ, ಈಗಲೇ ಏಕೆ, ಇವರೇ ಏಕೆ, ಹೀಗೇ ಏಕೆ ಎಂದು ಕೇಳಬೇಕು. ಮೊದಲ ಪ್ರಶ್ನೆಗೇ ಉತ್ತರ ಇಲ್ಲದಿದ್ದರೆ ಆ ಕೆಲಸವನ್ನೇ ತೆಗೆದುಹಾಕಿ. ಬೇಡದ ಕೆಲಸವನ್ನು ಸುಧಾರಿಸುತ್ತಾ ಕೂರಬಾರದು.

ನೆಲದ ಮೇಲಿನ ಮಾಲನ್ನೇ ತೆಗೆದುಕೊಳ್ಳಿ. 170 ನಗ ಎಂದರೆ 170 ಸಲ ಬಗ್ಗಿ 850 ಕೆ.ಜಿ. ಎತ್ತಿದಂತೆ, ಮತ್ತೆ ಅಷ್ಟನ್ನೇ ಬಗ್ಗಿ ಇಳಿಸಿದಂತೆ. ಫ್ರಾಂಕ್ ಗಿಲ್ಬ್ರೆತ್ ಅಮೆರಿಕದಲ್ಲಿ ಇಟ್ಟಿಗೆ ಕಟ್ಟುವ ಕೆಲಸದ 18 ಚಲನೆಗಳನ್ನು 5ಕ್ಕೆ ಇಳಿಸಿದಾಗ ಮಾಡಿದ ಮುಖ್ಯ ಬದಲಾವಣೆಗಳಲ್ಲಿ ಇದೂ ಒಂದು: ಇಟ್ಟಿಗೆಯನ್ನು ಕಾಲಬುಡದಿಂದ ಕೈಮಟ್ಟಕ್ಕೆ ಏರಿಸಿದರು. ಜಿಗ್ ಎಷ್ಟು ಎತ್ತರವೋ ಸುಮಾರು ಅಷ್ಟೇ ಎತ್ತರದ ತಳ್ಳುಗಾಡಿಯಲ್ಲಿ ಮಾಲು ಬರಲಿ, ಮುಗಿದದ್ದು ಇನ್ನೊಂದು ಗಾಡಿಗೆ ಹೋಗಲಿ. ಎತ್ತಿಡುವುದು 0.22ರಿಂದ 0.12ಕ್ಕೆ, ತೆಗೆದು ಒರೆಸಿಡುವುದು 0.18ರಿಂದ 0.12ಕ್ಕೆ ಬರುತ್ತದೆ. ಸೊಂಟವೂ ಉಳಿಯುತ್ತದೆ, ಸಂಜೆಯ ಕೊನೆಯ ಎರಡು ತಾಸಿನ ಉತ್ಪಾದನೆ ಬೀಳುವುದು ಸೊಂಟ ಸೋತಾಗಲೇ.

ಇನ್ನು ನಟ್. ಎಂ12 ನಟ್‌ನ ಪಿಚ್, ಅಂದರೆ ಒಂದು ಸುತ್ತಿಗೆ ಸರಿಯುವ ದೂರ, 1.75 ಮಿ.ಮೀ. ಹೌಸಿಂಗನ್ನು ಅದುಮಿ ಹಿಡಿಯುವ ಪಟ್ಟಿಯನ್ನು 14 ಮಿ.ಮೀ. ಎತ್ತಲು ಎಂಟು ಸುತ್ತು ಬೇಕು. ಆ ಎಂಟರಲ್ಲಿ ನಿಜವಾಗಿ ಬಿಗಿ ಕೊಡುವುದು ಕೊನೆಯ ಅರ್ಧ ಸುತ್ತು. ಹಾಗಾದರೆ ಅರ್ಧ ಸುತ್ತಿನಲ್ಲೇ ಮುಗಿಯುವ ಜೋಡಣೆ ಮಾಡಿ. ಹೌಸಿಂಗ್ ನಡುವೆ 52 ಮಿ.ಮೀ. ಬೋರ್ ಇದ್ದೇ ಇದೆ. ಜಿಗ್‌ನ ನಡುವೆ ಒಂದೇ ಸ್ಟಡ್ (ತಲೆಯಿಲ್ಲದ ಬೋಲ್ಟ್) ನಿಲ್ಲಿಸಿ, ನಟ್ ಕೆಳಗೆ ಒಂದು ಬದಿ ತೆರೆದ ‘ಸಿ’ ಆಕಾರದ ವಾಷರ್ ಹಾಕಿ. ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ವಾಷರ್ ಎಳೆದರೆ, ನಟ್ ಸ್ಟಡ್ ಮೇಲೇ ಇರುವಾಗ ಹೌಸಿಂಗ್ ಅದರ ಮೇಲಿಂದ ಹೊರಬರುತ್ತದೆ, ಏಕೆಂದರೆ ನಟ್ ಬೋರ್‌ಗಿಂತ ಚಿಕ್ಕದು. ವಾಷರ್‌ಗೆ ಸಣ್ಣ ಸರಪಳಿ ಕಟ್ಟಿ, ಇಲ್ಲದಿದ್ದರೆ ಚಿಪ್ಸ್ ರಾಶಿಯಲ್ಲಿ ಅದನ್ನು ಹುಡುಕುವುದೇ ಹೊಸ ಕೆಲಸವಾಗುತ್ತದೆ. ಬಿಗಿಯುವುದು 0.30ರಿಂದ 0.08ಕ್ಕೆ, ಸಡಿಲಿಸುವುದು 0.20ರಿಂದ 0.05ಕ್ಕೆ ಇಳಿಯುತ್ತದೆ. ಬಿಗಿ ಸಾಲದಿದ್ದರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಿ: ಡ್ರಿಲ್ ಆಚೆ ಬದಿಗೆ ತೂರಿಕೊಳ್ಳುವ ಕ್ಷಣದಲ್ಲಿ ಅಂಚು ಕಚ್ಚಿ ಹೌಸಿಂಗನ್ನು ಮೇಲಕ್ಕೆಳೆಯುತ್ತದೆ. ಹೊಸ ಜಿಗ್‌ನ ಮೊದಲ ಪರೀಕ್ಷೆ ಆ ಕ್ಷಣದಲ್ಲೇ ಆಗಬೇಕು. ಡ್ರಿಲ್ ಹತ್ತಿರ ಕೈಗವಸು ಬೇಡವೇ ಬೇಡ, ಅದು ಸುತ್ತಿಕೊಂಡರೆ ಕೈಯನ್ನೂ ಎಳೆಯುತ್ತದೆ.

ಹೊಸ ಒಟ್ಟು 1.34 ನಿಮಿಷ.

ಈಗ ಸ್ಟಾಪ್‌ವಾಚ್

ವಾಚನ್ನು ಜೇಬಿನಲ್ಲಿ ಬಚ್ಚಿಟ್ಟು ಕಂಬದ ಮರೆಯಿಂದ ಅಳೆಯುವುದು ಕೆಟ್ಟ ಪದ್ಧತಿ. ಒಮ್ಮೆ ಗೊತ್ತಾದರೆ ಇನ್ನೆಂದೂ ನಿಮಗೆ ನಿಜವಾದ ವೇಳೆ ಸಿಗುವುದಿಲ್ಲ. ಎದುರು ನಿಂತು ಮೊದಲೇ ಹೇಳಬೇಕು: ‘ಕಾಕಾ, ನಿಮ್ಮನ್ನ ಅಳಿಯಾಕ ಬಂದಿಲ್ರಿ. ಈ ಜಿಗ್ ಎಷ್ಟು ಹೊತ್ತು ತಿಂತೈತಿ ಅಂತ ನೋಡಾಕ ಬಂದೀನ್ರಿ.’ ಪಗಾರ, ನಗಕ್ಕಿಷ್ಟು ಎಂಬ ದರ ಇದರಿಂದ ಇಳಿಯುವುದಿಲ್ಲ ಎಂದು ಮಾಲೀಕರೇ ಮೊದಲು ಮಾತು ಕೊಟ್ಟಿರಬೇಕು. ಅಧ್ಯಯನ ಮುಗಿದ ತಿಂಗಳಿಗೆ ದರ ಕತ್ತರಿಸಿದ ಶಾಪಿನಲ್ಲಿ ಮುಂದಿನ ಸಲ ಎಲ್ಲರೂ ನಿಧಾನವಾಗುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ.

ಎಲ್ಲರಿಗಿಂತ ಚುರುಕಾದವರನ್ನು ಬಿಟ್ಟು, ಕೆಲಸ ಚೆನ್ನಾಗಿ ಬಲ್ಲ ಮಧ್ಯಮ ವೇಗದವರನ್ನು ಆರಿಸಿ. ಹೊಸ ಕ್ರಮ ಕೈಗೆ ಕೂರಲು ಕೆಲವು ದಿನ ಬಿಡಿ. ಕೆಲಸವನ್ನು ಕಿವಿಗೆ ಕೇಳುವ, ಕಣ್ಣಿಗೆ ಕಾಣುವ ತುದಿಗಳಲ್ಲಿ ತುಂಡು ಮಾಡಿ: ಹೌಸಿಂಗ್ ಜಿಗ್‌ಗೆ ತಾಗಿದ ಸದ್ದು, ಫೀಡ್ ಕಳಚಿದ ಸದ್ದು. 0.04 ನಿಮಿಷಕ್ಕಿಂತ ಚಿಕ್ಕ ತುಂಡನ್ನು ಕೈಯಿಂದ ಸರಿಯಾಗಿ ಹಿಡಿಯಲಾಗದು, ಪಕ್ಕದ್ದಕ್ಕೆ ಸೇರಿಸಿ.

ಎಷ್ಟು ಸಲ ಅಳೆಯಬೇಕು? ಮೊದಲು ಹತ್ತು ಸಲ. ಎತ್ತಿಡುವ ಕೆಲಸಕ್ಕೆ ನಿಮಿಷದ ನೂರನೇ ಭಾಗದಲ್ಲಿ 12, 13, 11, 12, 14, 12, 11, 13, 12, 10 ಬಂತು ಎನ್ನಿ. ಮೊತ್ತ 120, ವರ್ಗಗಳ ಮೊತ್ತ 1,452. ವರ್ಗಗಳ ಮೊತ್ತವನ್ನು 10ರಿಂದ ಗುಣಿಸಿ (14,520), ಮೊತ್ತದ ವರ್ಗ (14,400) ಕಳೆಯಿರಿ. ಉಳಿದ 120ರ ವರ್ಗಮೂಲ 10.95. ಅದನ್ನು 40ರಿಂದ (95 ಶೇಕಡಾ ಭರವಸೆ, 5 ಶೇಕಡಾ ಆಚೀಚೆಗೆ ಹಿಡಿಯುವ ಅಂಕಿ) ಗುಣಿಸಿ, 120ರಿಂದ ಭಾಗಿಸಿದರೆ 3.65. ಅದರ ವರ್ಗ 13.3. ಅಂದರೆ 14 ಅಳತೆ ಬೇಕು, ಇನ್ನೂ ನಾಲ್ಕು ತೆಗೆದುಕೊಳ್ಳಿ. ಉಳಿದ ತುಂಡುಗಳಿಗೂ ಹೀಗೇ ನೋಡಿ, ದೊಡ್ಡ ಸಂಖ್ಯೆ ಯಾವುದೋ ಅಷ್ಟು ಸಲ ಅಳೆಯಿರಿ.

ಆಪರೇಟರ್ ಎಷ್ಟು ಚುರುಕಾಗಿ ಮಾಡುತ್ತಿದ್ದಾರೆ ಎಂಬ ವೇಗದ ಅಂದಾಜು ಕಷ್ಟದ ಭಾಗ. 100 ಎಂಬ ಅಳತೆಗೆ ಸಾಮಾನ್ಯವಾಗಿ ಕೊಡುವ ಹೋಲಿಕೆ, ಭಾರವಿಲ್ಲದೆ ಗಂಟೆಗೆ 6.4 ಕಿ.ಮೀ. ವೇಗದ ನಡಿಗೆ. ಶಾಪಿನಲ್ಲಿ 20 ಮೀಟರ್ ಗುರುತು ಮಾಡಿ ಅದನ್ನು ಸುಮಾರು 11 ಸೆಕೆಂಡಿನಲ್ಲಿ ನಡೆದು ಕಣ್ಣು ಪಳಗಿಸಿಕೊಳ್ಳಿ. ಏಪ್ರಿಲ್ ಬಿಸಿಲಿನಲ್ಲಿ ಫರ್ನೇಸ್ ಪಕ್ಕ ಈ ವೇಗ ನಿರೀಕ್ಷಿಸುವುದು ಅನ್ಯಾಯ. ಯಂತ್ರ ತಾನೇ ಕೊರೆಯುವ 0.72ಕ್ಕೆ ಈ ಅಂದಾಜು ಹಚ್ಚಲೇಬಾರದು, ಕೈಕೆಲಸಕ್ಕೆ ಮಾತ್ರ. ಕೈಕೆಲಸ 0.62, ವೇಗ 90 ಎಂದರೆ 0.56. ಅದಕ್ಕೆ 0.72 ಸೇರಿಸಿ 1.28. ಇದರ ಮೇಲೆ ನೀರು, ಶೌಚ ಇತ್ಯಾದಿಗೆ 5 ಶೇಕಡಾ, ಆಯಾಸಕ್ಕೆ 4, ನಿಂತು ಮಾಡುವುದಕ್ಕೆ 2, ತೂಕಕ್ಕೆ 1, ಚಿಪ್ಸ್ ತೆಗೆಯುವುದು, ಡ್ರಿಲ್ ಬದಲಿಸುವುದಕ್ಕೆ 3. ಒಟ್ಟು 15. ಬಂದ ವೇಳೆ 1.47 ನಿಮಿಷ, 480 ನಿಮಿಷಕ್ಕೆ 326 ನಗ. ಆಯಾಸದ ಪಾಲು ಕತ್ತರಿಸಿ ಇದನ್ನು ಹೆಚ್ಚಿಸಲು ಹೋಗುವವರಿಗೆ ಮೊದಲ ವಾರ ನಗ ಸಿಗುತ್ತವೆ, ಎರಡನೇ ವಾರದಿಂದ ರಿಜೆಕ್ಟ್ ಮತ್ತು ಗೈರುಹಾಜರಿ.

ಹಳೆಯ ಕ್ರಮಕ್ಕೂ ಇದೇ ಲೆಕ್ಕ ಹಾಕಿ. 2.02 ನಿಮಿಷ, ಪಾಳಿಗೆ 237 ನಗ. ಆದರೆ ಬರುತ್ತಿದ್ದದ್ದು 170. ನಡುವಿನ 67 ನಗ ಎಂದರೆ 135 ನಿಮಿಷ, ಎರಡೂಕಾಲು ಗಂಟೆ. ಇದು ಜಿಗ್‌ನ ತಪ್ಪೂ ಅಲ್ಲ, ಆಪರೇಟರ್ ತಪ್ಪೂ ಅಲ್ಲ. 336 ಗುರುತಿನ ಹಾಳೆ ಕೈಗೆತ್ತಿಕೊಳ್ಳಿ, ಉತ್ತರ ಅದರಲ್ಲಿದೆ. ಮಾಲು ಬರುವುದು ತಡವಾದರೆ ಗಾಡಿ ತುಂಬಿಸುವ ಹೊಣೆ ಒಬ್ಬರಿಗೆ ಕೊಡಿ. ಸಾಣೆಗೆ ಓಡಾಟವಿದ್ದರೆ ಪಾಳಿ ಶುರುವಿಗೇ ಸಾಣೆ ಹಿಡಿದ ನಾಲ್ಕು ಡ್ರಿಲ್ ಯಂತ್ರದ ಪಕ್ಕದಲ್ಲಿರಲಿ.

ಅಳೆಯುವಾಗ ನಡುವೆ ಬರುವ ಹೊರಗಿನ ಕೆಲಸಗಳನ್ನು ಬೇರೆ ಬರೆಯಿರಿ, ಅವು ಬಂಗಾರದಂಥ ಮಾಹಿತಿ. ಆರಕ್ಕೊಂದು ಹೌಸಿಂಗ್ ಜಿಗ್‌ನಲ್ಲಿ ಸಮನಾಗಿ ಕೂರದೆ ಆಪರೇಟರ್ ಅರಕ್ಕೆ ಹಿಡಿದು ಅಂಚು ಉಜ್ಜುತ್ತಿದ್ದರೆ, ಫೆಟ್ಲಿಂಗ್‌ನಲ್ಲಿ (ಎರಕವನ್ನು ಉಜ್ಜಿ ಶುಚಿ ಮಾಡುವ ಹಂತ) ಅಚ್ಚು ಕೂಡುವ ಗೆರೆಯ ಕಬ್ಬಿಣ ಪೂರ್ತಿ ಹೋಗಿಲ್ಲ ಎಂದರ್ಥ. ಡ್ರಿಲ್ ಒಂದೇ ಮೂಲೆಯ ತೂತಿನಲ್ಲಿ ಸುಟ್ಟುಹೋಗುತ್ತಿದ್ದರೆ ಆ ತೆಳು ಅಂಚು ಬೇಗ ತಣಿದು ಗಡುಸಾಗಿದೆ. ಅದನ್ನು ಸರಿಪಡಿಸಬೇಕಾದ್ದು ಫೌಂಡ್ರಿಯಲ್ಲಿ. ಉಜ್ಜುವ ಹೊತ್ತನ್ನು ನಿಗದಿತ ವೇಳೆಗೆ ಸೇರಿಸಿಬಿಟ್ಟರೆ ಆ ದೋಷ ಅಲ್ಲೇ ನೆಲೆಯೂರುತ್ತದೆ.

ವಡಗಾವಿ, ಖಾಸಬಾಗದ ಮಗ್ಗಗಳಿಗೂ ಇದೇ ದಾರಿ ನಡೆಯುತ್ತದೆ. ಆದರೆ ಒಬ್ಬರು ಎರಡು ಮಗ್ಗ ನೋಡುವಾಗ ಒಂದರ ಕಂಡಿಕೆ ಬದಲಿಸುವ ಹೊತ್ತಿಗೆ ಇನ್ನೊಂದು ನಿಂತು ಕಾಯುವ ವೇಳೆಯನ್ನು ಬೇರೆಯಾಗಿ ಹಿಡಿಯಬೇಕು.

ಹೊಸ ಕ್ರಮ ಜಾರಿಯಾದ ಮೊದಲ ಮೂರ್ನಾಲ್ಕು ದಿನ ನಗ ಇಳಿಯಬಹುದು. ಕೈಗೆ ಹಳೆಯ ರೂಢಿ ಇರುತ್ತದೆ, ಗಾಬರಿಯಾಗಿ ಹಳೆ ಜಿಗ್ ವಾಪಸ್ ತರಬೇಡಿ. ಕ್ರಮವನ್ನು ಒಂದೇ ಹಾಳೆಯಲ್ಲಿ ಫೋಟೊ ಸಮೇತ ಬರೆದು, ಬೆಲ್ಟ್ ಯಾವ ಮೆಟ್ಟಿಲಲ್ಲಿರಬೇಕು ಎಂಬುದನ್ನೂ ಸೇರಿಸಿ ಯಂತ್ರಕ್ಕೆ ಅಂಟಿಸಿ. ತಿಂಗಳ ನಂತರ ಹೇಳದೆ ಹೋಗಿ ಮೂರು ಕಡೆ ಕಣ್ಣಾಡಿಸಿ: ಮಾಲು ಮತ್ತೆ ನೆಲಕ್ಕೆ ಬಂದಿದೆಯೇ, ‘ಸಿ’ ವಾಷರ್ ಸರಪಳಿಯಲ್ಲಿದೆಯೇ, ಸಾಣೆ ಹಿಡಿದ ನಾಲ್ಕು ಡ್ರಿಲ್ ಜಾಗದಲ್ಲಿವೆಯೇ.