ಬೆನ್ನ ಮೇಲೆ ಬೀಳುವ ಕೈ: ಹುಡುಗಿಯರ ಖೋ-ಖೋ ತಂಡ ಕಟ್ಟಿದ ನನ್ನ ಅನುಭವ

ನಾನು ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಮಕ್ಕಳ ಬಾಯಲ್ಲಿ 'ಪಿ.ಟಿ. ಮಿಸ್'. ಹುಡುಗಿಯರ ಖೋ-ಖೋ ತಂಡ ಕಟ್ಟಲು ಶುರು ಮಾಡಿ ಒಂಬತ್ತು ವರ್ಷ ಆಯಿತು. ಅದರಲ್ಲಿ ಮೊದಲ ಮೂರು ವರ್ಷ ನಾನು ನೋಡಬೇಕಾದ ಕಡೆ ನೋಡಲೇ ಇಲ್ಲ. ಹೊಸದಾಗಿ ಮಕ್ಕಳಿಗೆ ಆಟ ಕಲಿಸಲು ಹೊರಟವರಿಗೆ ಉಪಯೋಗ ಆದೀತು ಅಂತ ಅದನ್ನು ಬರೆಯುತ್ತಿದ್ದೇನೆ.

ಖೋ-ಖೋ ಎಲ್ಲರಿಗೂ ಗೊತ್ತಿರುವ ಆಟವೇ. ಆದರೂ ಒಮ್ಮೆ ಲೆಕ್ಕ ಹಾಕಿ ನೋಡಿ. ತಂಡದಲ್ಲಿ 12 ಜನ. ಚೇಸಿಂಗ್ ಸರದಿಯಲ್ಲಿ ಅಂಕಣಕ್ಕೆ ಇಳಿಯುವವರು 9 ಜನ. ಅದರಲ್ಲಿ ಎಂಟು ಜನ ಎರಡು ಕಂಬಗಳ ನಡುವಿನ ಚೌಕಗಳಲ್ಲಿ ಕೂರುತ್ತಾರೆ, ಒಬ್ಬಳು ಈ ಕಡೆ ಮುಖ ಮಾಡಿ, ಪಕ್ಕದವಳು ಆ ಕಡೆ ಮುಖ ಮಾಡಿ. ಓಡುವ ತಂಡದವರು ಮೂರು ಮೂರು ಜನರ ಬ್ಯಾಚ್ ಆಗಿ ಒಳಗೆ ಬರುತ್ತಾರೆ. ಅವರು ಸಾಲಿನ ಮಧ್ಯೆ ತೂರಿ ಎತ್ತ ಬೇಕಾದರೂ ಹೋಗಬಹುದು. ಚೇಸ್ ಮಾಡುವವಳು ಹಾಗೆ ತೂರುವಂತಿಲ್ಲ, ಹೊರಟ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗುವಂತಿಲ್ಲ. ಕೂತವಳ ಬೆನ್ನು ಮುಟ್ಟಿ 'ಖೋ' ಅನ್ನಬೇಕು, ಅವಳು ಎದ್ದು ಓಡಬೇಕು, ಇವಳು ಅಲ್ಲೇ ಕೂರಬೇಕು. ಅಂದರೆ 9 ನಿಮಿಷದ ಸರದಿಯಲ್ಲಿ ಯಾವ ಕ್ಷಣ ನೋಡಿದರೂ ಎಂಟು ಮಕ್ಕಳು ಕೂತೇ ಇರುತ್ತಾರೆ. ಆದರೆ ಊರಿನವರ ಕಣ್ಣೆಲ್ಲ ಓಡುವವರ ಮೇಲೆ. ನನ್ನ ಕಣ್ಣೂ ಅಲ್ಲೇ ಇತ್ತು.

ಮೂರನೇ ವರ್ಷ, 2018ರ ಜೂನ್. ನಾಲ್ಕನೇ ಚೌಕದಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಕೂರುತ್ತಿದ್ದಳು. ಒಳ್ಳೆ ಓಟ, ಉದ್ದನೆಯ ಕೈ. ಆದರೆ ಖೋ ಬೀಳುವ ಮುಂಚೆಯೇ ಎದ್ದುಬಿಡುತ್ತಿದ್ದಳು. ಅದು ಫೌಲ್. ಸೀಟಿ ಬಿದ್ದ ಮೇಲೆ ಚೇಸ್ ಮಾಡುವವಳು ಹೊರಟ ದಿಕ್ಕು ಬಿಟ್ಟು ಎದುರು ದಿಕ್ಕಿಗೆ ಹೋಗಬೇಕು. ಅಷ್ಟರಲ್ಲಿ ಓಡುವವಳು ಆರಾಮಾಗಿ ಉಸಿರು ತೆಗೆದುಕೊಂಡು ಇನ್ನೊಂದು ಕಂಬದ ಹತ್ತಿರ ಇರುತ್ತಾಳೆ. ಹೀಗೆ ದಿನಕ್ಕೆ ನಾಲ್ಕೈದು ಸಲ. ನಾನು ಗೆರೆಯ ಆಚೆ ನಿಂತು ಕೂಗುತ್ತಿದ್ದೆ. ಅಂಕಣದ ಸುತ್ತ ಓಡಿಸಿದೆ. ಬಸ್ಕಿ ಹೊಡೆಸಿದೆ. ಎರಡನೇ ಚೌಕಕ್ಕೆ ಹಾಕಿದೆ, ಮತ್ತೆ ಏಳಕ್ಕೆ ಹಾಕಿದೆ. ಫೌಲ್ ಜಾಸ್ತಿ ಆಯಿತೇ ಹೊರತು ಕಡಿಮೆ ಆಗಲಿಲ್ಲ.

ಒಂದು ದಿನ ಅವಳು ಬರಲಿಲ್ಲ. ಇನ್ನೂ ಇಬ್ಬರು ಜ್ವರ ಅಂತ ಮನೆಯಲ್ಲಿದ್ದರು. ಜನ ಸಾಲಲಿಲ್ಲ ಅಂತ ನಾನೇ ನಾಲ್ಕನೇ ಚೌಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಕಾಲೇಜು ಬಿಟ್ಟ ಮೇಲೆ ಚೌಕದಲ್ಲಿ ಕೂತಿದ್ದು ಅದೇ ಮೊದಲು. ಕೂತಾಗ ಬೇರೆಯೇ ಆಟ. ಹಿಂದೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಹೆಜ್ಜೆ ಸಪ್ಪಳ ಕೇಳಿಸುತ್ತದೆ, ಏದುಸಿರು ಕೇಳಿಸುತ್ತದೆ, ಆಮೇಲೆ ಬೆನ್ನಿಗೆ ಒಂದು ಕೈ. ನನ್ನ ಬೆನ್ನಿಗೆ ಬಿದ್ದ ಕೈ ಹೂವಿನಷ್ಟು ಹಗುರ. ಮಿಸ್ ಅಲ್ವಾ! ಆದರೆ ಪಕ್ಕದ ಚೌಕದವಳಿಗೆ ಬಿದ್ದದ್ದು 'ಫಟ್' ಅಂತ ಕೇಳಿಸಿತು. ಅವಳು ಸ್ವಲ್ಪ ಹೊತ್ತಿಗೆ ಮುಂಚೆ ಒಂದು ತಪ್ಪು ಮಾಡಿದ್ದಳು. ಮತ್ತೆ ಹೆಜ್ಜೆ ಸಪ್ಪಳ ಹತ್ತಿರ ಬಂದಾಗ ಅವಳ ಭುಜ ಎರಡೂ ಕಿವಿಯ ಹತ್ತಿರಕ್ಕೆ ಮುದುರಿಕೊಂಡವು. ಏಟು ತಪ್ಪಿಸಿಕೊಳ್ಳುವ ಹಾಗೆ ಅರ್ಧ ಎದ್ದೇಬಿಟ್ಟಳು. ಸೀಟಿ. ಫೌಲ್.

ಸಾಲಿನ ಆ ತುದಿಯಿಂದ ಒಬ್ಬಳು ಕಿರುಚಿದಳು: "ಕಣ್ಣು ಕಾಣಲ್ವಾ ನಿಂಗೆ? ಎಷ್ಟು ಸಲ ಹೇಳ್ಬೇಕು?"

ಅದು ನನ್ನ ಮಾತು. ಪದ ನನ್ನದು, ರಾಗವೂ ನನ್ನದೇ. ಮೂರು ವರ್ಷ ಗೆರೆಯ ಆಚೆ ನಿಂತು ನಾನು ಏನು ಕೂಗಿದ್ದೆನೋ ಅದನ್ನು ಮಕ್ಕಳು ಕಲಿತಿದ್ದರು. ಬಾಯಲ್ಲಿ ಹೇಳಲು ಹೆದರುವವರು ಕೈಯಲ್ಲಿ ಹೇಳುತ್ತಿದ್ದರು. ತಪ್ಪು ಮಾಡಿದವಳ ಬೆನ್ನಿಗೆ ಖೋ ಜೊತೆಗೆ ಒಂದು ಏಟು. ನಾಲ್ಕನೇ ಚೌಕದ ಹುಡುಗಿ ಯಾಕೆ ಬೇಗ ಏಳುತ್ತಿದ್ದಳು ಅಂತ ಆಗ ಅರ್ಥ ಆಯಿತು.

ಸಂಜೆ ಅವಳ ಮನೆಗೆ ಹೋದೆ. ಅವಳಮ್ಮ ಕಾಫಿ ಕೊಟ್ಟರು. ಹುಡುಗಿ ಬಾಗಿಲ ಹಿಂದೆ ನಿಂತು "ಬೇಡ ಮಿಸ್, ನಾನು ಬರಲ್ಲ" ಅಂದಳು. ಇನ್ನೆರಡು ಸಲ ಹೋದೆ. ಅವಳು ಬರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವವರೆಗೂ ಅಂಕಣಕ್ಕೆ ಕಾಲಿಡಲಿಲ್ಲ. ಆಟ ಚೆನ್ನಾಗಿದ್ದ ಒಂದು ಮಗುವನ್ನು ನಾನು ಕಳೆದುಕೊಂಡೆ. ಇವತ್ತಿಗೂ ಅದರ ನೋವಿದೆ.

ಮಾರನೇ ದಿನ ಮಕ್ಕಳನ್ನೆಲ್ಲ ಕೂರಿಸಿ ನೇರವಾಗಿ ಹೇಳಿದೆ: "ಆ ಬೈಗುಳ ನಿಮಗೆ ಕಲಿಸಿದ್ದು ನಾನು. ತಪ್ಪಾಯ್ತು. ನಾನು ನಿಲ್ಲಿಸ್ತೀನಿ, ನೀವೂ ನಿಲ್ಲಿಸಿ." ಹೇಳುವುದು ಸುಲಭ. ಬಾಯಿಗೆ ಅಭ್ಯಾಸ ಆಗಿರುತ್ತದಲ್ಲ, ಅದು ಒಂದು ದಿನಕ್ಕೆ ಹೋಗುವುದಿಲ್ಲ. ಅದಕ್ಕೆ ಹೊರಗೆ ಕೂತಿದ್ದ ಒಬ್ಬ ಹುಡುಗಿಗೆ ನೋಟ್ ಬುಕ್ ಕೊಟ್ಟು, ಮಿಸ್ ಕೂಗಿದಾಗೆಲ್ಲ ಒಂದು ಗೀಟು ಹಾಕು ಅಂದೆ. ಮೊದಲ ಸರದಿ ಮುಗಿದಾಗ ಅವಳು ಹೆದರುತ್ತಾ ಪುಸ್ತಕ ತೋರಿಸಿದಳು. 9 ನಿಮಿಷಕ್ಕೆ 23 ಗೀಟು. ಒಂದು ತಿಂಗಳಿಗೆ ಅದು ನಾಲ್ಕಕ್ಕೆ ಇಳಿಯಿತು. ಈಗ ಸರದಿ ನಡೆಯುವಾಗ ನಾನು ಬಾಯಿ ಬಿಡುವುದಿಲ್ಲ. ಆಟದ ಮಧ್ಯೆ ಕೂಗಿ ಹೇಳಿದ್ದು ಯಾವ ಮಗುವಿನ ತಲೆಗೂ ಹೋಗುವುದಿಲ್ಲ, ಬರೀ ಗಾಬರಿ ಹುಟ್ಟಿಸುತ್ತದೆ ಅನ್ನುವುದು ನನ್ನ ಅನುಭವ.

ಆಮೇಲೆ ಕೈಯ ವಿಚಾರ. ಇದಕ್ಕೆ ನಾನೇ ಒಂದು ಅಭ್ಯಾಸ ಮಾಡಿಕೊಂಡೆ. ಎಂಟು ಜನ ಕಣ್ಣು ಮುಚ್ಚಿ ಕೂರಬೇಕು. ಉಳಿದವರು ಒಬ್ಬೊಬ್ಬರಾಗಿ ನಡೆದು ಬಂದು ಖೋ ಕೊಡಬೇಕು, ಆದರೆ ಬಾಯಲ್ಲಿ ಹೇಳದೆ, ಬರೀ ಕೈಯಲ್ಲಿ. ಯಾರ ಕೈ ಅಂತ ಕೂತವಳು ಹೇಳಬೇಕು. ಮೊದಮೊದಲು ಎಲ್ಲರೂ ಸುಮ್ನೆ ಬಾಯಿಗೆ ಬಂದ ಹೆಸರು ಹೇಳುತ್ತಿದ್ದರು, ನಗುತ್ತಿದ್ದರು. ಎರಡು ವಾರ ಆದ ಮೇಲೆ ಸರಿಯಾಗಿ ಹೇಳಲು ಶುರು ಮಾಡಿದರು. ಒಬ್ಬಳ ಅಂಗೈ ಕಬ್ಬಿನ ಗದ್ದೆಯ ಕೆಲಸಕ್ಕೆ ಒರಟಾಗಿತ್ತು, ಅಂಗಿಯ ಮೇಲೇ ಗೊತ್ತಾಗುತ್ತಿತ್ತು. ಇನ್ನೊಬ್ಬಳು ಬೆರಳ ತುದಿ ಮಾತ್ರ ತಾಗಿಸುತ್ತಿದ್ದಳು. ಮತ್ತೊಬ್ಬಳು ಬಳೆ ತೆಗೆದಿಟ್ಟಿದ್ದರೂ ಬಳೆ ಸರಿಸುವ ಹಾಗೆ ಮಣಿಕಟ್ಟು ತಿರುಗಿಸುತ್ತಿದ್ದಳು. ಇದನ್ನೆಲ್ಲ ಮಕ್ಕಳೇ ನನಗೆ ಹೇಳಿದ್ದು. ಯಾರ ಕೈ ಅಂತ ಬೆನ್ನಿಗೆ ಗೊತ್ತಾಗುತ್ತದೆ ಅನ್ನುವುದು ತಿಳಿದ ಮೇಲೆ ಹೊಡೆಯುವುದು ತಾನಾಗೇ ನಿಂತಿತು. ಖೋ ಕೂಡ ಚೊಕ್ಕವಾಯಿತು. ಅಂಗೈ ಪೂರ್ತಿ ಬೆನ್ನಿಗೆ ತಾಗಬೇಕು, ತಾಗಿದ ಕ್ಷಣವೇ ಬಾಯಿಂದ ಖೋ ಬರಬೇಕು. ಮುಂಚೆಯೂ ಅಲ್ಲ, ದಾಟಿ ಹೋದ ಮೇಲೂ ಅಲ್ಲ. ಆ ವರ್ಷ ನಮ್ಮ ಫೌಲ್ ಅರ್ಧಕ್ಕರ್ಧ ಕಡಿಮೆ ಆದವು.

ಸರದಿ ಮುಗಿದ ಮೇಲೆ ಮೊದಲು ಮಾತಾಡುವವಳು ನಾನಲ್ಲ, ಕೂತಿದ್ದವರು. ಒಬ್ಬೊಬ್ಬರೂ ತಾವು ಕಂಡ ಒಂದೇ ಒಂದು ವಿಷಯ ಹೇಳಬೇಕು. ಯಾರ ತಪ್ಪು ಅಂತಲ್ಲ, ಎದುರು ತಂಡದಲ್ಲಿ ಏನು ಕಂಡಿತು ಅಂತ. ಇದರಿಂದ ನನಗೆ ಸಿಕ್ಕಿದ ವಿಷಯಗಳು ಒಂದೆರಡಲ್ಲ. "ಮಿಸ್, ಆ ಉದ್ದ ಜಡೆಯವಳು ಕಂಬದ ಹತ್ರ ಬಂದಾಗೆಲ್ಲ ಬಲಗಡೆ ವಾಲ್ತಾಳೆ" ಅಂತ ಐದನೇ ಚೌಕದವಳು ಹೇಳಿದ್ದು ಒಮ್ಮೆ ಹೋಬಳಿ ಮಟ್ಟದಲ್ಲಿ ನಮಗೆ ಇಡೀ ಬ್ಯಾಚನ್ನು ಬೇಗ ಔಟ್ ಮಾಡಲು ಸಾಕಾಯಿತು. ನೆಲದ ಮಟ್ಟದಲ್ಲಿ ಕೂತವರಿಗೆ ಕಾಲು ಚೆನ್ನಾಗಿ ಕಾಣುತ್ತದೆ. ನಿಂತ ನಮಗೆ ಕಾಣುವುದಿಲ್ಲ.

ಹನ್ನೆರಡರಲ್ಲಿ ಹೊರಗೆ ಉಳಿಯುವ ಮೂರು ಜನರ ಬಗ್ಗೆ ಹೇಳಲೇಬೇಕು. ತಂಡ ಕೆಡುವುದು ಸಾಮಾನ್ಯವಾಗಿ ಅಲ್ಲಿಂದ. ಅವರಿಗೆ ನೀರಿನ ಬಾಟಲಿ ಕಾಯುವ ಕೆಲಸ ಕೊಟ್ಟರೆ ಅವರು ಆಟಗಾರ್ತಿಯರಾಗಿ ಉಳಿಯುವುದಿಲ್ಲ. ನಮ್ಮಲ್ಲಿ ಒಬ್ಬಳ ಕೈಯಲ್ಲಿ ಸ್ಟಾಪ್ ವಾಚ್, ಪ್ರತಿ ಬ್ಯಾಚ್ ಎಷ್ಟು ಹೊತ್ತು ನಿಂತಿತು ಅಂತ ಬರೆಯುತ್ತಾಳೆ. ಒಬ್ಬಳು ಫೌಲ್ ಬರೆಯುತ್ತಾಳೆ. ಮೂರನೆಯವಳು ಎದುರು ತಂಡದ ಓಟ ನೋಡುತ್ತಾಳೆ: ಕೂತ ಒಬ್ಬೊಬ್ಬರ ಮಧ್ಯೆ ತೂರುವ ಸಿಂಗಲ್ ಚೈನ್ ಓಡುತ್ತಾರಾ, ಇಬ್ಬಿಬ್ಬರನ್ನು ದಾಟಿ ತೂರುವ ಡಬಲ್ ಚೈನಾ, ಕೂತ ಕೆಲವರ ಸುತ್ತಲೇ ಸುತ್ತುವ ರಿಂಗ್ ಆಡುತ್ತಾರಾ ಅಂತ. ಈ ಕೆಲಸ ಸರದಿಯ ಮೇಲೆ ಎಲ್ಲರಿಗೂ ಬರುತ್ತದೆ, ನಾಯಕಿಗೂ. ಇದರಿಂದ ನಾನು ಯೋಚಿಸದ ಇನ್ನೊಂದು ಅನುಕೂಲ ಆಯಿತು. ತಿಂಗಳ ದಿನಗಳಲ್ಲಿ ಹೊಟ್ಟೆನೋವು ಇದ್ದವಳು ಹತ್ತಿರ ಬಂದು "ವಾಚ್ ಕೊಡಿ ಮಿಸ್" ಅನ್ನುತ್ತಾಳೆ. ನಾನು ಕೊಡುತ್ತೇನೆ. ಯಾರೂ ಏನೂ ಕೇಳುವುದಿಲ್ಲ. ಮುಂಚೆ ಆ ದಿನಗಳಲ್ಲಿ ಶಾಲೆಗೇ ಬರದೆ ಇರುತ್ತಿದ್ದವರು ಈಗ ಮೈದಾನಕ್ಕೂ ಬರುತ್ತಾರೆ.

ಮನೆಯವರನ್ನು ಒಪ್ಪಿಸುವುದು ಪ್ರತಿ ವರ್ಷದ ಕೆಲಸ. "ಹೆಣ್ಮಗ ಮೇಡಂ, ಕೈಕಾಲು ಮುರ್ಕೊಂಡ್ರೆ ನಾಳೆ ಯಾರು ನೋಡ್ತಾರೆ?" ಅಂತ ಕೇಳುವ ಅಪ್ಪನಿಗೆ ಮೈದಾನದಲ್ಲಿ ನಿಂತು ಉತ್ತರ ಕೊಡಲು ಆಗುವುದಿಲ್ಲ. ಮನೆಗೇ ಹೋಗಬೇಕು, ಜಗಲಿಯ ಮೇಲೆ ಕೂತು ಮಾತಾಡಬೇಕು. ಅವರ ಭಯ ಸುಳ್ಳಲ್ಲ. ಹಾಗಾಗಿ ಅಭ್ಯಾಸ ಬೆಳಿಗ್ಗೆ ಏಳೂವರೆಗೆ, ಕತ್ತಲಾಗುವ ಹೊತ್ತಿಗೆ ಯಾವತ್ತೂ ಇಲ್ಲ. ಒಂದೇ ಬೀದಿಯವರು ಜೊತೆಯಾಗಿ ಬರಬೇಕು, ಜೊತೆಯಾಗಿ ಹೋಗಬೇಕು. ನೆನೆಸಿದ ಕಡಲೆಕಾಯಿ ಬೀಜ, ಒಂದು ಚೂರು ಬೆಲ್ಲವನ್ನು ಮನೆಯವರೇ ಸರದಿಯಲ್ಲಿ ಕೊಟ್ಟು ಕಳಿಸುತ್ತಾರೆ. ಕೊಡಲು ಬಂದ ಅಜ್ಜಿಯೊಬ್ಬರು ಈಗ ಪೂರ್ತಿ ಅಭ್ಯಾಸ ನೋಡಿಯೇ ಹೋಗುವುದು.

ಒಂದು ಮಾತು ಖಂಡಿತ ಹೇಳುತ್ತೇನೆ. ತಂಡದಲ್ಲಿ ಪ್ರೀತಿ ಇರಲಿ ಅಂದರೆ ಗೆಲುವು ಬೇಡ ಅಂತಲ್ಲ. "ಭಾಗವಹಿಸಿದ್ರೆ ಸಾಕು ಬಿಡಿ" ಅನ್ನುವ ಮೇಷ್ಟ್ರುಗಳನ್ನು ನೋಡಿದ್ದೇನೆ. ನನಗೆ ಅದು ಇಷ್ಟ ಆಗುವುದಿಲ್ಲ. ಮಕ್ಕಳು ಗೆಲ್ಲಬೇಕು ಅಂತಲೇ ಬೆಳಿಗ್ಗೆ ಎದ್ದು ಬರುವುದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು, ಗಂಡುಮಕ್ಕಳು ಅದೇ ನೇಪಾಳವನ್ನು 54-36ರಿಂದ. ಆ ತಂಡಗಳಲ್ಲಿ ನಮ್ಮ ಕಡೆಯ ಇಬ್ಬರಿದ್ದರು: ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ, ನಮ್ಮದೇ ಮಂಡ್ಯದ ಗೌತಮ್. ಫೈನಲ್ ಭಾನುವಾರ. ಸೋಮವಾರ ಬೆಳಿಗ್ಗೆ ಏಳಕ್ಕೇ ಮಕ್ಕಳು ಅಂಕಣದಲ್ಲಿದ್ದರು. ನಾನು ಬರುವಷ್ಟರಲ್ಲಿ ಕಸ ಗುಡಿಸಿ, ಕಲ್ಲು ಆಯ್ದು, ಸುಣ್ಣದ ಗೆರೆ ಹಾಕಿ ಮುಗಿಸಿದ್ದರು. ಎಂಟನೇ ತರಗತಿಯ ಒಬ್ಬಳು ಕುರುಬೂರಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು ಅಂತ ಕೇಳಿದಳು. ಅಷ್ಟು ಹತ್ತಿರದ ಊರಿನಿಂದ ವಿಶ್ವಕಪ್ಪಿಗೆ ಹೋಗಬಹುದು ಅನ್ನುವುದು ಅವಳಿಗೆ ಆ ದಿನ ಹೊಳೆದಿತ್ತು. ಅಂಥ ಮಗುವಿಗೆ ಗೆಲ್ಲುವುದು ಮುಖ್ಯ ಅಲ್ಲ ಅಂತ ನಾನು ಹೇಗೆ ಹೇಳಲಿ?

ಸೋಲೂ ಬಂದಿದೆ. ಆ ವರ್ಷವೇ ತಾಲ್ಲೂಕು ಫೈನಲ್‌ನಲ್ಲಿ ಒಂದು ಪಾಯಿಂಟಿನಿಂದ ಸೋತೆವು. ಕೊನೆಯ ನಿಮಿಷದಲ್ಲಿ ಆರನೇ ಚೌಕದವಳು ಬೇಗ ಎದ್ದಳು. ಸೀಟಿ ಬಿತ್ತು. ನಾನು ತುಟಿ ಕಚ್ಚಿಕೊಂಡು ಕೂತವರನ್ನೇ ನೋಡಿದೆ. ಒಬ್ಬಳೂ ಬಾಯಿ ತೆರೆಯಲಿಲ್ಲ. ಚೇಸ್ ಮಾಡುತ್ತಿದ್ದವಳು ಎದುರು ದಿಕ್ಕಿಗೆ ಹೋಗಿ ಬೇರೆಯವಳಿಗೆ ಖೋ ಕೊಟ್ಟಳು, ಅವಳು ಕಂಬ ಸುತ್ತಿ ಬಂದು ಮತ್ತೆ ಅದೇ ಆರನೇ ಚೌಕದವಳಿಗೇ ಕೊಟ್ಟಳು. ಎಂಟು ಬೆನ್ನುಗಳಲ್ಲಿ ಅದನ್ನೇ ಆರಿಸಿಕೊಂಡಳು. ಅಂಗೈ ಪೂರ್ತಿ ತಾಗಿತು. ಹುಡುಗಿ ಸರಿಯಾದ ಹೊತ್ತಿಗೆ ಎದ್ದಳು, ಓಡಿದಳು, ಕೈ ಚಾಚಿದಳು. ಬೆರಳಷ್ಟು ದೂರದಲ್ಲಿ ಸಮಯ ಮುಗಿಯಿತು. ಟೆಂಪೋದಲ್ಲಿ ಬರುವಾಗ ಯಾಕೆ ಅವಳಿಗೇ ಕೊಟ್ಟೆ ಅಂತ ಕೇಳಿದೆ. "ಅವಳೇ ಹತ್ರ ಇದ್ದಿದ್ದು ಮಿಸ್" ಅಂದಳು, ಅದರಲ್ಲೇನಿದೆ ಅನ್ನುವ ಹಾಗೆ.

ಈ ಜೂನ್‌ನಲ್ಲಿ ಎಂಟನೇ ತರಗತಿಗೆ ಬಂದ ಒಬ್ಬ ಹುಡುಗಿ ತಂಡಕ್ಕೆ ಸೇರುತ್ತೇನೆ ಅಂದಳು. 2018ರಲ್ಲಿ ಆಟ ಬಿಟ್ಟು ಹೋದಳಲ್ಲ, ಅವಳ ಚಿಕ್ಕಪ್ಪನ ಮಗಳು. ಮೊದಲ ದಿನ ಕರೆದುಕೊಂಡು ಬಂದವಳು ಆ ಅಕ್ಕನೇ. ಈಗ ಅವಳು ಡಿಗ್ರಿ ಮುಗಿಸಿದ್ದಾಳೆ. ಕಾಂಪೌಂಡಿನ ಹತ್ತಿರ ನಿಂತು ಅರ್ಧ ಗಂಟೆ ಅಭ್ಯಾಸ ನೋಡಿದಳು. ಮಕ್ಕಳು ಕಣ್ಣು ಮುಚ್ಚಿ ಕೂತು ಯಾರ ಕೈ ಅಂತ ಹೇಳುವುದನ್ನು ನೋಡಿದಳು. ಹೊರಡುವ ಮುಂಚೆ ನನ್ನ ಹತ್ತಿರ ಬಂದು, "ಇವಳನ್ನ ಯಾವ ಚೌಕದಲ್ಲಿ ಕೂರಿಸ್ತೀರಿ ಮಿಸ್?" ಅಂತ ಕೇಳಿದಳು. ಅವಳೇ ಆರಿಸಿಕೊಳ್ಳಲಿ ಅಂದೆ.

ಹುಡುಗಿ ನಾಲ್ಕನೇ ಚೌಕಕ್ಕೆ ಹೋಗಿ ಕೂತಳು.