ನಕ್ಷೆಯಿಂದ ತೊಡಗಿದ ಓದು

ಸಾಗರ ತಾಲ್ಲೂಕಿನ ಹಿನ್ನೀರಿನ ಅಂಚಿನ ಪ್ರೌಢಶಾಲೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ‘ಟ್ರೆಷರ್ ಐಲ್ಯಾಂಡ್’ ಎಂಬ, ಕಡಲ್ಗಳ್ಳರು ಹೂತಿಟ್ಟ ನಿಧಿಯನ್ನು ಹುಡುಕಿ ಹೋಗುವ ಕಾದಂಬರಿಯನ್ನು ಕನ್ನಡದಲ್ಲಿ ಹೇಳಲು ನಿಶ್ಚಯಿಸಿದಾಗ, ಮೊದಲ ಅಧ್ಯಾಯವನ್ನು ಬದಿಗಿಟ್ಟು ದ್ವೀಪದ ನಕ್ಷೆಯಿಂದಲೇ ತೊಡಗಿದೆ. ಕೃತಿ ಹುಟ್ಟಿದ್ದೂ ಹಾಗೆಯೇ. 1881ರಲ್ಲಿ ಸ್ಕಾಟ್ಲೆಂಡಿನ ಬ್ರೇಮರ್‌ನಲ್ಲಿ ಮಳೆ ಬಿಡದೆ ಸುರಿಯುತ್ತಿದ್ದಾಗ, ಮಲಮಗ ಲಾಯ್ಡ್‌ನೊಂದಿಗೆ ಮನೆಯೊಳಗೆ ಕುಳಿತು ಸ್ಟೀವನ್‌ಸನ್ ಒಂದು ದ್ವೀಪದ ಚಿತ್ರ ಬರೆದ. ಕಥೆ ಅದರಿಂದ ಬೆಳೆಯಿತು. ಆಷಾಢದ ಮಳೆಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಒಂಬತ್ತು ಮೈಲಿ ಉದ್ದ, ಐದು ಮೈಲಿ ಅಗಲದ ಆ ದ್ವೀಪವನ್ನು ಪ್ರತಿಯೊಬ್ಬರೂ ತಮ್ಮ ನೋಟುಪುಸ್ತಕದಲ್ಲಿ ಬರೆದುಕೊಂಡು, ಕಥೆ ಸಾಗಿದಂತೆ ಗುರುತು ಹಾಕುತ್ತ ಹೋದರು. ಇದರ ಪ್ರಯೋಜನ ಹೆಚ್ಚು ಕಂಡಿದ್ದು 16ರಿಂದ 18ನೆಯ ಅಧ್ಯಾಯಗಳಲ್ಲಿ. ಅಲ್ಲಿ ಕಥಾನಾಯಕನಾದ ಹುಡುಗ ಜಿಮ್ ಹಾಕಿನ್ಸ್‌ನ ಬದಲು ಅವನ ಜೊತೆ ಬಂದ ಡಾಕ್ಟರ್ ಲಿವ್ಸಿ ಕಥೆ ಹೇಳುತ್ತಾನೆ. ಜಿಮ್‌ನ ದಾರಿಗೆ ಒಂದು ಬಣ್ಣ, ಡಾಕ್ಟರನ ದಾರಿಗೆ ಇನ್ನೊಂದು ಬಣ್ಣದ ಪೆನ್ಸಿಲ್ ಕೊಟ್ಟ ಮೇಲೆ, ಒಂದೇ ಹೊತ್ತಿನಲ್ಲಿ ಇಬ್ಬರು ಎಲ್ಲೆಲ್ಲಿದ್ದರೆಂಬ ಗೊಂದಲ ಉಳಿಯಲಿಲ್ಲ.

ದೋಣಿ, ದ್ವೀಪಗಳ ಪರಿಚಯ ಇವರಿಗೆ ಬೇಕಿರಲಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದ ಗುಡ್ಡದ ನೆತ್ತಿಗಳೇ ದ್ವೀಪಗಳಾದ ಊರು ಇದು. 2025ರಲ್ಲಿ ಸೇತುವೆ ತೆರೆಯುವವರೆಗೆ ಸಿಗಂದೂರಿಗೆ ಲಾಂಚಿನಲ್ಲಿಯೇ ದಾಟುತ್ತಿದ್ದರು. ದ್ವೀಪದಲ್ಲಿ ಒಂಟಿಯಾಗಿ ಉಳಿದಿದ್ದ ನಾವಿಕ ಬೆನ್ ಗನ್ ಮೇಕೆಯ ಚರ್ಮದಿಂದ ಕಟ್ಟಿಕೊಂಡ ಪುಟ್ಟ ದೋಣಿಯನ್ನು ಕೇಳಿದೊಡನೆ “ಹರಿಗೋಲು, ಸಾರ್” ಎಂದರು. ತೊಡಕಾದದ್ದು ಸಮುದ್ರದ ಉಬ್ಬರವಿಳಿತ. ಹಿನ್ನೀರು ಮಳೆಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುವುದು ವರ್ಷಕ್ಕೊಮ್ಮೆ. ಸಮುದ್ರ ದಿನಕ್ಕೆ ಎರಡು ಬಾರಿ ಏರಿಳಿಯುತ್ತದೆ, ಅದೂ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಎಂದರೆ ಅವರು ನಂಬಲೊಲ್ಲರು. ಇದನ್ನು ಬಿಟ್ಟು ಮುಂದೆ ಹೋಗುವಂತೆಯೂ ಇರಲಿಲ್ಲ. ಜಿಮ್ ಕಡಲ್ಗಳ್ಳರ ಕೈಸೇರಿದ ಹಡಗಿನ ಲಂಗರಿನ ಹಗ್ಗ ಕತ್ತರಿಸುವುದು ಇಳಿತದ ಸೆಳೆತದಲ್ಲಿ. ಬಿಗಿದ ಹಗ್ಗವನ್ನು ಒಮ್ಮೆಲೇ ಕತ್ತರಿಸಿದರೆ ತನ್ನ ದೋಣಿಯೇ ಮಗುಚೀತೆಂದು, ಗಾಳಿ ಬೀಸಿ ಅದು ಸಡಿಲವಾಗುವವರೆಗೆ ಕಾಯುತ್ತಾನೆ. ಮುಂದೆ ಅದೇ ಹಡಗನ್ನು ಉತ್ತರದ ಕೊಲ್ಲಿಯಲ್ಲಿ ದಡಕ್ಕೇರಿಸಲು ಉಬ್ಬರಕ್ಕಾಗಿ ಕಾಯಬೇಕಾಗುತ್ತದೆ. ಹಲಗೆಯ ಮೇಲೆ ಚಂದ್ರ, ಭೂಮಿಗಳನ್ನು ಬರೆದು ವಿವರಿಸಿದೆನಾದರೂ, ಹೊನ್ನಾವರದಲ್ಲಿ ನೆಂಟರಿದ್ದ ಒಬ್ಬ ಹುಡುಗಿ ಶರಾವತಿಯ ಅಳಿವೆಯಲ್ಲಿ ತಾನು ಕಂಡಿದ್ದನ್ನು ಹೇಳಿದ ಮೇಲೆಯೇ ತರಗತಿ ಒಪ್ಪಿದ್ದು. ತಮ್ಮ ಊರಿನ ನೀರೇ ಅಲ್ಲಿಗೆ ಹೋಗಿ ಹಾಗಾಗುತ್ತದೆಂಬುದು ಅವರಿಗೆ ಬಹಳ ಹಿಡಿಸಿತು.

ಒಂದು ಬೈಠಕ್ಕಿಗೆ ಒಂದೇ ಅಧ್ಯಾಯವೆಂಬುದು ನನ್ನ ನಿಯಮವಾಗಿತ್ತು. 1881ರ ಅಕ್ಟೋಬರಿನಿಂದ ಮರುವರ್ಷದ ಜನವರಿಯವರೆಗೆ ‘ಯಂಗ್ ಫೋಕ್ಸ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ, 1883ರಲ್ಲಿ ಪುಸ್ತಕವಾದ ಈ ಕೃತಿಯ 34 ಅಧ್ಯಾಯಗಳಲ್ಲಿ ಹೆಚ್ಚಿನವು ಕುತೂಹಲವನ್ನು ಉಳಿಸಿಯೇ ನಿಲ್ಲುತ್ತವೆ. ಜಿಮ್ ಸೇಬಿನ ಪೀಪಾಯಿಯೊಳಗೆ ಅವಿತು, ಹಡಗಿನ ಅಡುಗೆಯವನಾಗಿ ಸೇರಿಕೊಂಡ ಕಡಲ್ಗಳ್ಳ ಸಿಲ್ವರ್‌ನ ಸಂಚನ್ನು ಕೇಳಿಸಿಕೊಂಡ ದಿನ, ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ನಕ್ಷೆಯನ್ನು ಬಚ್ಚಿಟ್ಟುಕೊಂಡು ಜಿಮ್‌ನ ಮನೆಯವರ ವಸತಿಗೃಹದಲ್ಲಿ ತಂಗಿದ್ದ ಮುದಿ ಕಡಲ್ಗಳ್ಳ ಬಿಲ್ಲಿ ಬೋನ್ಸ್‌ನ ಪೆಟ್ಟಿಗೆಯಲ್ಲಿದ್ದ ವಸ್ತುಗಳ ಪಟ್ಟಿಯನ್ನು ಬರೆದುಕೊಟ್ಟವನು ದೀಪಸ್ತಂಭಗಳ ಎಂಜಿನಿಯರನಾಗಿದ್ದ ಸ್ಟೀವನ್‌ಸನ್ನನ ತಂದೆ. ಅದನ್ನು ಓದಿದ ಮೇಲೆ ಲಾಂಚ್ ನಡೆಸುವವನ ಟ್ರಂಕಿನಲ್ಲಿ ಏನಿರಬಹುದೆಂದು ಬರೆಯಹೇಳಿದೆ. ಕಂಬಳಿ, ಟಾರ್ಚು, ಎಲೆಅಡಿಕೆಯ ಡಬ್ಬಿಗಳ ಜೊತೆಗೆ ಯಾರಿಗೋ ಕಳಿಸದೆ ಉಳಿದ ಮದುವೆಯ ಕರೆಯೋಲೆಯೂ ಬಂತು. ಕೃತಿಯಲ್ಲಿ ಹೆಂಗಸೆಂದರೆ ಹೆಚ್ಚುಕಡಿಮೆ ಜಿಮ್‌ನ ತಾಯಿಯೊಬ್ಬಳೇ ಎಂದು ಹುಡುಗಿಯರು ತಕರಾರು ತೆಗೆದರು. ತಕರಾರು ನ್ಯಾಯವಾದದ್ದೇ. ಆದರೂ ಕಡಲ್ಗಳ್ಳರು ಬರುತ್ತಿರುವಾಗಲೂ ಬೋನ್ಸ್‌ನ ಪೆಟ್ಟಿಗೆಯಿಂದ ತನಗೆ ಸಲ್ಲಬೇಕಾದಷ್ಟನ್ನೇ ಎಣಿಸಿ ತೆಗೆದುಕೊಳ್ಳುವ ಆಕೆಯನ್ನು ಅವರು ಮೆಚ್ಚಿದರು.

ಕೊನೆಯಲ್ಲಿ ಸಿಲ್ವರ್ ಒಂದು ಚೀಲ ನಾಣ್ಯಗಳೊಂದಿಗೆ ತಪ್ಪಿಸಿಕೊಳ್ಳುವುದು ಸರಿಯೇ ಎಂಬ ವಾದ ಎದ್ದಾಗ ನಾನು ತೀರ್ಪು ಕೊಡಲಿಲ್ಲ. 14ನೆಯ ಅಧ್ಯಾಯದಲ್ಲಿ ಸಂಚಿಗೆ ಸೇರಲೊಲ್ಲದ ನಾವಿಕ ಟಾಮ್‌ನನ್ನು ಕೊಲ್ಲುವವನೂ 28ನೆಯದರಲ್ಲಿ ತನ್ನವರನ್ನೇ ಎದುರು ಹಾಕಿಕೊಂಡು ಜಿಮ್‌ನನ್ನು ಕಾಯುವವನೂ ಅವನೇ. ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬರೆಯಿರಿ ಎಂದೆ. ಒಂದನ್ನು ಮಾತ್ರ ಹಿಡಿದು ಬರೆದವರ ಉತ್ತರಗಳನ್ನು ಮತ್ತೆ ಬರೆಯಲು ಹಿಂದಿರುಗಿಸಿದೆ.